ಕಳೆದ ಬೀಗದ ಕೈ ಮರಳಿ ಬರಬೇಕು, ಮನೆಯ ವಿಳಾಸ ಹೊರಗೆ ಹೋಗಬಾರದು: ಗೊಂಚಲಿನ ಮೇಲೆ ಏನು ಬರೆಯುವುದು?

ಸರಸ್ವತಿಪುರದ ಮಗಳು

ನಮ್ಮ ತಾಯಿ ಮೈಸೂರಿನಲ್ಲಿ ಒಬ್ಬರೇ ಇರುತ್ತಾರೆ, ನಾನು ಬೆಂಗಳೂರಿನಲ್ಲಿದ್ದೇನೆ. ಬೆಳಿಗ್ಗೆ ದೇವರಾಜ ಮಾರುಕಟ್ಟೆ, ಸಂಜೆ ದೇವಸ್ಥಾನ, ಎಲ್ಲವೂ ಬಸ್ಸಿನ ಓಡಾಟ. ಮುಂಬಾಗಿಲು, ಗೇಟು, ಬೀರು, ಬ್ಯಾಂಕಿನ ಲಾಕರು, ಎಲ್ಲದರ ಕೀಗಳೂ ಒಂದೇ ಬಳೆಯಲ್ಲಿವೆ. ಈಗ ಅಮ್ಮ ಒಂದು ಹಿತ್ತಾಳೆಯ ಬಿಲ್ಲೆ ಮಾಡಿಸಿ ಅದರ ಮೇಲೆ ತಮ್ಮ ಹೆಸರು, ಮನೆ ಸಂಖ್ಯೆ, ಅಡ್ಡರಸ್ತೆ ಕೆತ್ತಿಸಬೇಕೆಂದಿದ್ದಾರೆ. ಸಿಕ್ಕವರು ಪುಣ್ಯಾತ್ಮರಾದರೆ ಮನೆಗೇ ತಂದುಕೊಡುತ್ತಾರೆ ಎಂಬುದು ಅವರ ಮಾತು. ಪುಣ್ಯಾತ್ಮರಲ್ಲದಿದ್ದರೆ ಏನು ಗತಿ ಎಂಬುದು ನನ್ನ ಭಯ. ಏನನ್ನೂ ಬರೆಯದೆ ಬಿಟ್ಟರೆ ಒಳ್ಳೆಯವರಿಗೂ ನಮ್ಮನ್ನು ಹುಡುಕುವ ದಾರಿ ಇರುವುದಿಲ್ಲ. ಬಿಲ್ಲೆಯ ಮೇಲೆ ಏನು ಬರೆಸಿದರೆ ಒಳ್ಳೆಯದು? ಅಮ್ಮನ ಬಳಿ ಇರುವುದು ಗುಂಡಿಯೊತ್ತುವ ಸಾಧಾರಣ ಫೋನು ಎಂಬುದನ್ನು ಗಮನದಲ್ಲಿಟ್ಟುಕೊಂಡು ಹೇಳಿ.

ಬೀಗದಂಗಡಿ

ವಿಳಾಸ ಬೇಡವೇ ಬೇಡ ಮೇಡಂ. ಬೀಗದ ಕೈ ಮತ್ತು ಅದು ತೆರೆಯುವ ಬಾಗಿಲಿನ ವಿಳಾಸ, ಇವೆರಡೂ ಜೊತೆಯಾಗಿ ಪ್ರಯಾಣ ಮಾಡಬಾರದು. ನನ್ನ ಅಂಗಡಿಗೆ ಬರುವವರಿಗೆಲ್ಲ ನಾನು ಹೇಳುವುದು ಇದನ್ನೇ. ಬಿಡಿ ಕೀ ಯಾರಿಗೆ ಸಿಕ್ಕರೂ ಅದು ಒಂದು ಲೋಹದ ತುಂಡು ಅಷ್ಟೆ. ಊರಿನಲ್ಲಿರುವ ಲಕ್ಷ ಬಾಗಿಲುಗಳಲ್ಲಿ ಯಾವುದಕ್ಕೆ ಹಾಕಿ ನೋಡುತ್ತಾರೆ? ವಿಳಾಸ ಸೇರಿದ ಗಳಿಗೆಯಲ್ಲಿ ಅದು ನಿಮ್ಮ ಮನೆಯಾಗುತ್ತದೆ.

ಜನ ಗಮನಿಸದ ಇನ್ನೊಂದು ವಿಷಯವಿದೆ. ವಿಳಾಸವೆಂದರೆ ಕೆತ್ತಿಸಿದ್ದು ಮಾತ್ರವಲ್ಲ. ಗೊಂಚಲಿಗೆ ಅಪಾರ್ಟ್‌ಮೆಂಟ್ ಸಂಘದವರು ಕೊಟ್ಟ ಹೆಸರಿನ ಬಿಲ್ಲೆ, ಪಿ.ಜಿ.ಯ ಹೆಸರು ಮತ್ತು ಕೊಠಡಿ ಸಂಖ್ಯೆ, ಕಚೇರಿಯ ಗುರುತಿನ ಚೀಟಿ, ಬಡಾವಣೆಯ ಜಿಮ್ಮಿನ ಕಾರ್ಡು, ಇವನ್ನೆಲ್ಲ ಸಿಕ್ಕಿಸಿರುತ್ತಾರೆ. ಬೈಕಿನ ಕೀಗೆ ವಾಹನದ ಸಂಖ್ಯೆ ಬರೆದ ಸ್ಟಿಕ್ಕರ್ ಅಂಟಿಸಿದವರಂತೂ ಬಹಳ ಮಂದಿ. ಅಂಥ ಕೀ ವಾಹನ ನಿಲ್ದಾಣದಲ್ಲಿ ಬಿದ್ದರೆ ಕಳ್ಳ ಸಾಲಿನುದ್ದಕ್ಕೂ ನಡೆದು ಗಾಡಿ ಗುರುತಿಸುತ್ತಾನೆ. ಕಾರಿನ ರಿಮೋಟ್ ಕೀ ಆದರೆ ನಡೆಯುವ ಶ್ರಮವೂ ಇಲ್ಲ. ಗುಂಡಿ ಒತ್ತಿದರೆ ಕಾರೇ ದೀಪ ಮಿನುಗಿಸಿ ಕರೆಯುತ್ತದೆ.

ಮೊದಲ ಕೆಲಸವಾಗಿ ಆ ಬಳೆಯನ್ನು ಒಡೆಯಿರಿ. ಲಾಕರು ಮತ್ತು ಬೀರುವಿನ ಕೀಗಳು ದಿನವೂ ಮಾರುಕಟ್ಟೆಗೆ ಹೋಗಬೇಕಾಗಿಲ್ಲ.

ಜಾಲರಕ್ಷಕ

ಬೀಗದಂಗಡಿಯವರ ಮಾತು ಸರಿ. ಇದರ ಜೊತೆಗೆ, "ಹಾಗಾದರೆ ಮೊಬೈಲ್ ಸಂಖ್ಯೆ ಬರೆಯೋಣ" ಎಂದು ಥಟ್ಟನೆ ತೀರ್ಮಾನಿಸುವ ಮೊದಲು ಒಂದು ಮಾತು. ನಮ್ಮಲ್ಲಿ ಮೊಬೈಲ್ ಸಂಖ್ಯೆ ಬಹಳ ಬಾಯಿಬಡುಕ. ಯಾವುದಾದರೂ ಯು.ಪಿ.ಐ. ಆ್ಯಪ್‌ನಲ್ಲಿ ಹಣ ಕಳಿಸುವವರಂತೆ ಆ ಸಂಖ್ಯೆ ಒತ್ತಿ ನೋಡಿ, ಬ್ಯಾಂಕ್ ಖಾತೆಯಲ್ಲಿರುವ ಪೂರ್ಣ ಹೆಸರು ಬಂದು ನಿಲ್ಲುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಮುಖ ಕಾಣುತ್ತದೆ, ಕೆಲವೊಮ್ಮೆ ಮನೆಯ ಮುಂದೆ ನಿಂತು ತೆಗೆಸಿಕೊಂಡ ಚಿತ್ರವೇ ಇರುತ್ತದೆ. ಹೆಸರು ಸಿಕ್ಕಿ, ಯಾವ ಬಡಾವಣೆಯಲ್ಲಿ ಕೀ ಬಿತ್ತು ಎಂಬುದೂ ಗೊತ್ತಿದ್ದರೆ, ಸಾರ್ವಜನಿಕವಾಗಿ ಸಿಗುವ ಮತದಾರರ ಪಟ್ಟಿಯಲ್ಲಿ ಮನೆ ಸಂಖ್ಯೆಯೇ ಇರುತ್ತದೆ. ಅಷ್ಟು ಕಷ್ಟಪಡುವ ಕಳ್ಳರು ಕಡಿಮೆ, ಒಪ್ಪುತ್ತೇನೆ. ಆದರೆ ಒಬ್ಬರೇ ಇರುವ ಹಿರಿಯರ ವಿಷಯದಲ್ಲಿ ಈ ಸರಪಳಿಯನ್ನು ಎಲ್ಲಾದರೂ ಒಂದು ಕಡೆ ಕತ್ತರಿಸಲೇಬೇಕು.

ನನ್ನ ಸಲಹೆ ಹೀಗಿದೆ. ಬಿಲ್ಲೆಯ ಮೇಲೆ ಮಗಳ ಸಂಖ್ಯೆ ಇರಲಿ, ತಾಯಿಯದು ಬೇಡ. ಹೆಸರೂ ಬೇಡ. ಮಗಳ ಸಂಖ್ಯೆಯ ಜಾಡು ಹಿಡಿದು ಹೋದವರು ತಲುಪುವುದು ಬೆಂಗಳೂರಿಗೆ, ಆ ಕೀಗೆ ಸಂಬಂಧವೇ ಇಲ್ಲದ ಬಾಗಿಲಿಗೆ. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ.

ಕ್ಯೂ.ಆರ್. ಸಂಕೇತವಿರುವ ಬಿಲ್ಲೆಗಳೂ ಸಿಗುತ್ತವೆ. ಸಿಕ್ಕವರು ಸ್ಕ್ಯಾನ್ ಮಾಡಿದರೆ ಮಧ್ಯದಲ್ಲಿರುವ ಕಂಪನಿಯ ಮೂಲಕ ಸಂದೇಶ ಅಥವಾ ಕರೆ ಬರುತ್ತದೆ, ಎರಡೂ ಕಡೆಯವರ ಸಂಖ್ಯೆ ಒಬ್ಬರಿಗೊಬ್ಬರಿಗೆ ಕಾಣದು. ತತ್ತ್ವ ಚೆನ್ನಾಗಿದೆ. ನಿಮ್ಮ ವಿವರಗಳನ್ನೆಲ್ಲ ಆ ಕಂಪನಿಯ ಕೈಗೆ ಕೊಡುತ್ತಿದ್ದೀರಿ, ಕಂಪನಿ ಬಾಗಿಲು ಮುಚ್ಚಿದ ದಿನ ಬಿಲ್ಲೆಗೆ ಅರ್ಥವಿರುವುದಿಲ್ಲ ಎಂಬ ಎರಡು ಮಾತು ನೆನಪಿರಲಿ.

ನಿವೃತ್ತ ನಿರ್ವಾಹಕ, ಹಾಸನ

ನಾನು ಬಸ್ಸಿನಲ್ಲಿ ಟಿಕೆಟ್ ಕೊಟ್ಟು ನಿವೃತ್ತನಾದವನು. ಬಸ್ಸಿನಲ್ಲಿ ಬಿದ್ದ ಕೀ ಯಾರ ಕೈಗೆ ಸಿಗುತ್ತದೆ ಎಂಬುದನ್ನು ಕಣ್ಣಾರೆ ನೋಡಿದ್ದೇನೆ. ಕಡೆಯ ನಿಲ್ದಾಣದಲ್ಲಿ ಬಸ್ ಗುಡಿಸುವ ಹೆಣ್ಣುಮಗಳು, ಹೂವಿನ ಬುಟ್ಟಿಯವರು, ಆಟೊ ಚಾಲಕರು, ಬೆಳಗಿನ ಜಾವ ಬೀದಿಗೆ ಬರುವ ಪೌರಕಾರ್ಮಿಕರು. ಇವರಲ್ಲಿ ಎಷ್ಟು ಜನ ನಿಂತು ಕ್ಯೂ.ಆರ್. ಸ್ಕ್ಯಾನ್ ಮಾಡಿ, ಇಂಗ್ಲಿಷಿನ ಪುಟ ತೆರೆದು, ಅದರಲ್ಲಿ ಸಂದೇಶ ಬರೆಯುತ್ತಾರೆ? ಮಿಂಚಂಚೆ ವಿಳಾಸ ಬರೆದರೆ ಇನ್ನೂ ದೂರದ ಮಾತು. ಅವರಿಗೆ ಮನಸ್ಸಿಲ್ಲವೆಂದು ಹೇಳುತ್ತಿಲ್ಲ. ಮನಸ್ಸು ಧಾರಾಳವಾಗಿದೆ, ಸಮಯವಿಲ್ಲ. ಮುಂದಿನ ಪಾಳಿ ಕಾದಿರುತ್ತದೆ. ಕೀ ಮರಳಿ ಬರುವುದು ಸಿಕ್ಕವರಿಗೆ ಕೆಲಸ ಎಷ್ಟು ಹಗುರವಾಗಿದೆ ಎಂಬುದರ ಮೇಲೆ.

ಆದ್ದರಿಂದ ದಪ್ಪ ಅಂಕಿಯಲ್ಲಿ ಒಂದು ಫೋನ್ ಸಂಖ್ಯೆ, ಅದರ ಮೇಲೆ ಕನ್ನಡದಲ್ಲಿ "ಸಿಕ್ಕರೆ ದಯವಿಟ್ಟು ಕರೆ ಮಾಡಿ" ಎಂದು ಇರಲಿ. ಓದಲು ಬಾರದವರೂ ಅಂಕಿ ಒತ್ತುತ್ತಾರೆ.

ನಮ್ಮ ಬಸ್ಸುಗಳಲ್ಲಿ ಸಿಕ್ಕಿದ್ದನ್ನು ನಿರ್ವಾಹಕರು ಘಟಕಕ್ಕೆ ಒಪ್ಪಿಸಬೇಕು, ಅದು ಪುಸ್ತಕದಲ್ಲಿ ದಾಖಲಾಗುತ್ತದೆ. ಕಳೆದುಕೊಂಡವರು ಟಿಕೆಟ್ ಬಿಸಾಡದೆ ಇಟ್ಟುಕೊಂಡಿದ್ದರೆ ಯಾವ ಬಸ್ಸು, ಯಾವ ಘಟಕ ಎಂದು ಹುಡುಕುವುದು ಸುಲಭ. ರೈಲಿನಲ್ಲಾದರೆ 139ಕ್ಕೆ ಕರೆ ಮಾಡಿ. ರೈಲ್ವೆ ರಕ್ಷಣಾ ದಳದವರು ಪ್ರಯಾಣಿಕರು ಬಿಟ್ಟುಹೋದ ವಸ್ತುಗಳನ್ನು ಮರಳಿಸುವುದಕ್ಕೆಂದೇ "ಆಪರೇಷನ್ ಅಮಾನತ್" ನಡೆಸುತ್ತಿದ್ದಾರೆ.

ಟೊರಾಂಟೊ ಕನ್ನಡತಿ

ನಿರ್ವಾಹಕರು ಹೇಳಿದ "ಕೆಲಸ ಹಗುರವಾಗಿರಬೇಕು" ಎಂಬ ಮಾತಿಗೆ ಇಲ್ಲಿಯ ಉದಾಹರಣೆ ಕೊಡುತ್ತೇನೆ. ಕೆನಡಾದಲ್ಲಿ ವಾರ್ ಆ್ಯಂಪ್ಸ್ ಎಂಬ ಸಂಸ್ಥೆಯಿದೆ. ಮೊದಲ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರು 1918ರಲ್ಲಿ ಕಟ್ಟಿದ್ದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಅಂಗ ಕಳೆದುಕೊಂಡು ಬಂದವರಿಗೆ ಕೆಲಸ ಕೊಡಲೆಂದು ಅವರು ಬೀಗದ ಕೈಗಳಿಗೆ ಪುಟ್ಟ ಬಿಲ್ಲೆ ಕಳಿಸುವ ಸೇವೆ ಶುರುಮಾಡಿದರು. ಇಂದಿಗೂ ನಡೆಯುತ್ತಿದೆ. ಬಿಲ್ಲೆ ಅಂಚೆಯಲ್ಲಿ ಮನೆಗೆ ಬರುತ್ತದೆ, ಇಷ್ಟವಿದ್ದರೆ ದೇಣಿಗೆ ಕೊಡಬಹುದು. ಅದರ ಮೇಲೆ ನಿಮ್ಮ ಹೆಸರಿಲ್ಲ, ಊರಿಲ್ಲ. ಒಂದು ಗುಪ್ತ ಸಂಖ್ಯೆ ಮಾತ್ರ ಇರುತ್ತದೆ. ಸಿಕ್ಕವರು ಸಂಸ್ಥೆಗೆ ಕರೆ ಮಾಡಬಹುದು, ಇಲ್ಲವೇ ಗೊಂಚಲನ್ನು ಹಾಗೆಯೇ ಬೀದಿಯ ಅಂಚೆಡಬ್ಬಿಗೆ ಹಾಕಿಬಿಡಬಹುದು. ಲಕೋಟೆ ಬೇಡ, ಅಂಚೆಚೀಟಿ ಬೇಡ. ಅದು ಸಂಸ್ಥೆಗೆ ತಲುಪುತ್ತದೆ, ಸಂಖ್ಯೆ ಯಾರದೆಂದು ಅವರ ದಾಖಲೆಯಲ್ಲಿರುತ್ತದೆ, ಅವರೇ ಮಾಲೀಕರಿಗೆ ಕಳಿಸಿಕೊಡುತ್ತಾರೆ. ಅಲ್ಲಿ ಬರುವ ದೇಣಿಗೆ ಕೈಕಾಲಿಲ್ಲದ ಮಕ್ಕಳ ಕೃತಕ ಅವಯವಗಳಿಗೂ ಹೋಗುತ್ತದೆ.

ಸಿಕ್ಕವರಿಗೆ ಮಾಲೀಕರು ಗೊತ್ತಿಲ್ಲ, ಮಾಲೀಕರಿಗೆ ಸಿಕ್ಕವರು ಗೊತ್ತಿಲ್ಲ. ಇಬ್ಬರನ್ನೂ ಬಲ್ಲ ನಂಬಿಕಸ್ಥರು ನಡುವೆ ಇದ್ದಾರೆ. ಇಷ್ಟು ಸರಳವಾದ ಏರ್ಪಾಡು ಹೆಚ್ಚುಕಡಿಮೆ 80 ವರ್ಷಗಳಿಂದ ನಿಂತಿರುವುದನ್ನು ನೋಡಿದರೆ ನನಗೆ ನಿಜಕ್ಕೂ ಹೆಮ್ಮೆಯೆನಿಸುತ್ತದೆ, ನಾನು ಇಲ್ಲಿ ಹುಟ್ಟಿದವಳಲ್ಲದಿದ್ದರೂ. ಅಮೆರಿಕದ ಹಳೆಯ ಹೋಟೆಲುಗಳ ಕೀಗಳಲ್ಲೂ "ಯಾವುದೇ ಅಂಚೆಡಬ್ಬಿಗೆ ಹಾಕಿ, ವೆಚ್ಚ ನಮ್ಮದು" ಎಂದು ಬರೆದಿರುತ್ತಿತ್ತು. ಅದರಲ್ಲಿ ಹೋಟೆಲಿನ ವಿಳಾಸ, ಕೊಠಡಿ ಸಂಖ್ಯೆ ಎರಡೂ ಇರುತ್ತಿದ್ದವು. ಬಿಲ್ಲೆ ಒಂದೇ ರೀತಿ ಕಂಡರೂ ಸುರಕ್ಷತೆಯಲ್ಲಿ ಎಷ್ಟೊಂದು ಅಂತರ ನೋಡಿ.

ನಮ್ಮ ಕರ್ನಾಟಕದಲ್ಲಿ ಯಾವುದಾದರೂ ಸಂಸ್ಥೆ ಇದನ್ನು ಏಕೆ ಮಾಡಬಾರದು?

ಅಂಚೆಮನೆ

ಟೊರಾಂಟೊ ಸೋದರಿಯ ಪ್ರಶ್ನೆಗೆ ಅಂಚೆ ಇಲಾಖೆಯಲ್ಲಿ ದುಡಿದವನಾಗಿ ಉತ್ತರಿಸುತ್ತೇನೆ. ನಮ್ಮ ಕೆಂಪು ಡಬ್ಬಿಗೆ ಜನ ಬರೀ ಕಾಗದ ಹಾಕುವುದಿಲ್ಲ. ಪರ್ಸು ಕದ್ದವರು ಹಣ ತೆಗೆದುಕೊಂಡು ಚಾಲನಾ ಪರವಾನಗಿ, ಗುರುತಿನ ಚೀಟಿಗಳನ್ನು ಡಬ್ಬಿಗೆ ಎಸೆದು ಹೋಗುವುದುಂಟು. ಅವುಗಳ ಮೇಲೆ ವಿಳಾಸವಿರುವುದರಿಂದ ಏನಾದರೂ ಮಾಡಬಹುದು. ಬರೀ ಕೀ ಬಿದ್ದರೆ ಅದನ್ನು ಎಲ್ಲಿಗೆ ಕಳಿಸುವುದು? ಆದ್ದರಿಂದ ಕೆನಡಾದ ಏರ್ಪಾಡನ್ನು ನಂಬಿ ಇಲ್ಲಿಯ ಡಬ್ಬಿಗೆ ಗೊಂಚಲು ಹಾಕಬೇಡಿ ಎಂದು ಮೊದಲು ಹೇಳಿಬಿಡುತ್ತೇನೆ.

ದಾರಿಗಳು ಇಲ್ಲದಿಲ್ಲ. ಬಿಸಿನೆಸ್ ರಿಪ್ಲೈ ಎಂಬ ಸೌಲಭ್ಯ ನಮ್ಮಲ್ಲೂ ಇದೆ. ಪರವಾನಗಿ ಪಡೆದ ಸಂಸ್ಥೆಗೆ ಜನ ಅಂಚೆಚೀಟಿ ಹಚ್ಚದೆ ಉತ್ತರ ಕಳಿಸುತ್ತಾರೆ, ಹಣವನ್ನು ಪಡೆಯುವವರು ಕಟ್ಟುತ್ತಾರೆ. ಯಾವುದಾದರೂ ಸೇವಾಸಂಸ್ಥೆ ಮನಸ್ಸು ಮಾಡಿದರೆ ಅಲ್ಲಿಂದ ಮಾತುಕತೆ ಆರಂಭಿಸಬಹುದು. ಇನ್ನು ವೈಯಕ್ತಿಕವಾಗಿ ಬೇಕೆಂದರೆ ಪೋಸ್ಟ್ ಬಾಕ್ಸ್ ಇದೆ. ಅಂಚೆ ಕಚೇರಿಯಲ್ಲಿ ಬಾಡಿಗೆಗೆ ಒಂದು ಪೆಟ್ಟಿಗೆ ಸಂಖ್ಯೆ ಪಡೆದರೆ, "ಪೋಸ್ಟ್ ಬಾಕ್ಸ್ ಸಂಖ್ಯೆ ಇಷ್ಟು, ಇಂಥ ಅಂಚೆ ಕಚೇರಿ, ಪಿನ್‌ಕೋಡ್" ಎಂಬುದೇ ನಿಮ್ಮ ವಿಳಾಸ. ಮನೆ ಎಲ್ಲಿದೆ ಎಂದು ಅದರಿಂದ ತಿಳಿಯುವುದಿಲ್ಲ. ಕೀಗೋಸ್ಕರವೇ ಇದನ್ನು ತೆಗೆದುಕೊಳ್ಳಿ ಎನ್ನುವುದಿಲ್ಲ. ಮನೆಯಿಂದಲೇ ವ್ಯಾಪಾರ ಮಾಡುವವರು, ಬಂದವರಿಗೆಲ್ಲ ಮನೆಯ ವಿಳಾಸ ಕೊಡಲು ಇಷ್ಟವಿಲ್ಲದ ಹೆಣ್ಣುಮಕ್ಕಳು ಯೋಚಿಸಬಹುದು.

ಸರಸ್ವತಿಪುರದ ಮಗಳು

ಎಲ್ಲರಿಗೂ ಧನ್ಯವಾದ. ನನ್ನ ಸಂಖ್ಯೆ ಬರೆಸುವುದು ಮನಸ್ಸಿಗೆ ಬಂತು. ಆದರೆ ನನ್ನ ಸಂಖ್ಯೆಯಲ್ಲೂ ಹೆಸರು ಕಾಣುತ್ತದಲ್ಲ? ಇದಕ್ಕೆಂದೇ ಅಗ್ಗದ ಇನ್ನೊಂದು ಸಿಮ್ ತೆಗೆದುಕೊಂಡರೆ ಹೇಗೆ?

ಎರಡನೆಯದು, ನನ್ನ ತಮ್ಮ ಏರ್‌ಟ್ಯಾಗ್ (ತಾನೆಲ್ಲಿದೆ ಎಂದು ಮಾಲೀಕರ ಫೋನಿನಲ್ಲಿ ತೋರಿಸುವ ಆ್ಯಪಲ್ ಕಂಪನಿಯ ಪುಟ್ಟ ಸಾಧನ) ಹಾಕಿಬಿಡೋಣ, ಬಿಲ್ಲೆಯ ತಂಟೆಯೇ ಬೇಡ ಎನ್ನುತ್ತಿದ್ದಾನೆ.

ಜಾಲರಕ್ಷಕ

ಪ್ರತ್ಯೇಕ ಸಿಮ್ ಒಳ್ಳೆಯದೇ. ಅದನ್ನು ಯು.ಪಿ.ಐ.ಗಾಗಲಿ ವಾಟ್ಸ್ಆ್ಯಪ್‌ಗಾಗಲಿ ಸೇರಿಸಬೇಡಿ, ಬರೀ ಕರೆಗೆ ಇರಲಿ. ಒಂದು ಎಚ್ಚರ: ರೀಚಾರ್ಜ್ ಮಾಡದೆ, ಬಳಸದೆ ತಿಂಗಳುಗಟ್ಟಲೆ ಬಿಟ್ಟರೆ ಆ ಸಂಖ್ಯೆ ರದ್ದಾಗಿ ಕಾಲಾನಂತರದಲ್ಲಿ ಬೇರೆಯವರಿಗೆ ಹಂಚಿಕೆಯಾಗುತ್ತದೆ. ಆಮೇಲೆ ನಿಮ್ಮ ಬಿಲ್ಲೆ ನೋಡಿ ಮಾಡಿದ ಕರೆ ಯಾವನೋ ಅಪರಿಚಿತನ ಕಿವಿಗೆ ಬೀಳುತ್ತದೆ. ಈ ಜವಾಬ್ದಾರಿ ನಿಭಾಯಿಸಲು ಆಗದಿದ್ದರೆ ನಿಮ್ಮ ನಿತ್ಯದ ಸಂಖ್ಯೆಯೇ ಸಾಕು. ಹೆಸರು ಕಂಡರೂ ಬಾಗಿಲು ಬೇರೆ ಊರಿನಲ್ಲಿದೆ ಎಂಬುದೇ ದೊಡ್ಡ ರಕ್ಷಣೆ.

ಏರ್‌ಟ್ಯಾಗ್ ಬಂದಿದ್ದು 2021ರಲ್ಲಿ. ಅದು ತಾನೇ ಉಪಗ್ರಹದ ಜೊತೆ ಮಾತನಾಡುವುದಿಲ್ಲ. ಹತ್ತಿರ ಹಾದುಹೋಗುವ ಐಫೋನ್‌ಗಳು ಅದರ ಬ್ಲೂಟೂತ್ ಸಂಕೇತ ಹಿಡಿದು, ಎಲ್ಲಿದೆ ಎಂಬುದನ್ನು ಗೂಢಲಿಪಿಯಲ್ಲಿ ಮಾಲೀಕರಿಗೆ ಮುಟ್ಟಿಸುತ್ತವೆ. ಹಾಗಾಗಿ ಮೈಸೂರಿನ ಪೇಟೆಯಲ್ಲಿ ಕೆಲಸ ಮಾಡೀತು, ಹಳ್ಳಿಯ ಜಾತ್ರೆಯಲ್ಲಿ ಮಾಡುತ್ತದೆಂಬ ಭರವಸೆ ಇಲ್ಲ. ಆಂಡ್ರಾಯ್ಡ್ ಫೋನುಗಳಿಗೆ ಗೂಗಲ್ಲಿನ ಜಾಲ 2024ರಲ್ಲಿ ಆರಂಭವಾಯಿತು, ಅದಕ್ಕೆ ಹೊಂದುವ ಬಿಲ್ಲೆಗಳೂ ಇವೆ. ಸಿಕ್ಕವರು ಏರ್‌ಟ್ಯಾಗನ್ನು ಫೋನಿನ ಬೆನ್ನಿಗೆ ತಾಗಿಸಿದರೆ, ನೀವು "ಕಳೆದಿದೆ" ಎಂದು ಗುರುತು ಹಾಕಿದ್ದರೆ, ನೀವು ಬರೆದ ಸಂದೇಶ ಮತ್ತು ಸಂಖ್ಯೆ ಕಾಣುತ್ತದೆ. ಮನೆ ಎಲ್ಲಿದೆ ಎಂಬುದು ಕಾಣದು. ಬಟನ್ ಸೆಲ್ ಒಂದು ವರ್ಷದ ಆಸುಪಾಸು ಬರುತ್ತದೆ, ಬದಲಿಸುವುದು ನಿಮ್ಮ ಕೆಲಸ. ತಾಯಿಯವರ ಬಳಿ ಸ್ಮಾರ್ಟ್‌ಫೋನ್ ಇಲ್ಲದಿರುವುದರಿಂದ ಟ್ಯಾಗ್ ನಿಮ್ಮ ಅಥವಾ ತಮ್ಮನ ಫೋನಿಗೆ ಜೋಡಣೆಯಾಗಬೇಕು. ಆಗ ನೀವು ದೂರದಲ್ಲಿ, ಟ್ಯಾಗ್ ತಾಯಿಯವರ ಬಳಿ. ಮಾಲೀಕರಿಂದ ಬೇರೆಯಾದ ಟ್ಯಾಗ್ ಆಗಾಗ ಕೂಗುತ್ತದೆ, ಪಕ್ಕದಲ್ಲಿ ಸದಾ ಇರುವವರ ಫೋನಿಗೆ "ನಿಮ್ಮೊಂದಿಗೆ ಅಪರಿಚಿತ ಟ್ಯಾಗ್ ಚಲಿಸುತ್ತಿದೆ" ಎಂಬ ಎಚ್ಚರಿಕೆಯೂ ಹೋಗಬಹುದು. ಯಾರನ್ನೂ ಕದ್ದು ಹಿಂಬಾಲಿಸಬಾರದೆಂದು ಮಾಡಿದ ಏರ್ಪಾಡು ಅದು, ಬಹಳ ಅಗತ್ಯವಾದದ್ದು. ಇದನ್ನೆಲ್ಲ ತಾಯಿಯವರಿಗೆ ಮೊದಲೇ ಹೇಳಿ, ಅವರ ಒಪ್ಪಿಗೆಯ ಮೇಲೆ ಹಾಕಿ. ಹಾಕಿದರೂ ಬಿಲ್ಲೆ ಇರಲಿ. ಬ್ಯಾಟರಿ ಸತ್ತರೂ ಹಿತ್ತಾಳೆ ಸಾಯುವುದಿಲ್ಲ.

ಸಂಘದ ಕಾರ್ಯದರ್ಶಿ

ನಮ್ಮದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್. ಕೀ ಸಿಕ್ಕ ಕೂಡಲೇ ನಿವಾಸಿಗಳು ಅದನ್ನು ಅಂಗೈಯಲ್ಲಿಟ್ಟು ಚಿತ್ರ ತೆಗೆದು ಗುಂಪಿಗೆ ಹಾಕುತ್ತಾರೆ: "ಬಿ ಬ್ಲಾಕ್ ಲಿಫ್ಟಿನ ಬಳಿ ಸಿಕ್ಕಿತು, ಯಾರದು?" ಒಳ್ಳೆಯ ಉದ್ದೇಶವೇ. ಇದರಲ್ಲಿ ಅಪಾಯವಿದೆ ಎಂದರೆ ನನ್ನನ್ನೇ ಅತಿಯಾಗಿ ಹೆದರುವವನೆಂದು ಹೇಳುತ್ತಾರೆ. ಬಲ್ಲವರು ವಿವರಿಸಿದರೆ ನಾನು ಅದನ್ನೇ ಗುಂಪಿಗೆ ಕಳಿಸುತ್ತೇನೆ.

ಬೀಗದಂಗಡಿ

ಕಾರ್ಯದರ್ಶಿಗಳೇ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಕೀಯ ಗುಟ್ಟು ಇರುವುದು ಅದರ ಹಲ್ಲುಗಳ ಎತ್ತರ ತಗ್ಗುಗಳಲ್ಲಿ. ಪ್ರತಿ ಕಂಪನಿಗೂ ನಿಗದಿಯಾದ ಕೆಲವೇ ಆಳಗಳು ಇರುತ್ತವೆ, ಅದರ ನಡುವೆ ಬೇರೆ ಅಳತೆ ಇಲ್ಲ. ಆದ್ದರಿಂದ ಸ್ಪಷ್ಟ ಚಿತ್ರವಿದ್ದರೆ ಆಳಗಳನ್ನು ಓದಿ ನಕಲು ಕತ್ತರಿಸಬಹುದು. ಬೀರು, ಮೇಜಿನ ಡ್ರಾಯರು ಇಂಥವುಗಳ ಕೀ ತಲೆಯ ಮೇಲೆ ಸಂಖ್ಯೆಯನ್ನೇ ಒತ್ತಿರುತ್ತಾರೆ. ಎಷ್ಟೋ ಸಲ ಆ ಸಂಖ್ಯೆಯೊಂದೇ ಸಾಕು, ಚಿತ್ರವೂ ಬೇಡ.

ಜಾಲರಕ್ಷಕ

ಇದು ಪ್ರಯೋಗದಿಂದ ಸಾಬೀತಾದ ಸಂಗತಿ. 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯ ಸಂಶೋಧಕರು ಚಿತ್ರದಿಂದ ಕೀಯ ಅಳತೆ ತೆಗೆಯುವ ತಂತ್ರಾಂಶ ಬರೆದು ತೋರಿಸಿದರು. ಹೋಟೆಲಿನ ಮೇಜಿನ ಮೇಲೆ ಇಟ್ಟಿದ್ದ ಕೀಗಳನ್ನು ಸುಮಾರು 195 ಅಡಿ ದೂರದ ಮಹಡಿಯಿಂದ ದೂರದರ್ಶಕ ಮಸೂರದಲ್ಲಿ ಸೆರೆಹಿಡಿದು ಅದರಿಂದಲೂ ಅಳತೆ ತೆಗೆದರು. ಇನ್ನೊಂದು ಪ್ರಸಂಗ: ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಸೂಟ್‌ಕೇಸ್ ತೆರೆಯಲು ಭದ್ರತಾ ಸಿಬ್ಬಂದಿ ಬಳಸುವ ಮಾಸ್ಟರ್ ಕೀಗಳ ಚಿತ್ರ 2014ರಲ್ಲಿ ಪತ್ರಿಕೆಯೊಂದರ ಲೇಖನದ ಜೊತೆ ಬಂತು. ಮರುವರ್ಷ ಆ ಚಿತ್ರ ಆಧರಿಸಿ ತ್ರೀಡಿ ಮುದ್ರಣದ ಕಡತಗಳು ಅಂತರಜಾಲದಲ್ಲಿ ಹರಿದಾಡಿದವು. ಮುದ್ರಿಸಿದ ಪ್ಲಾಸ್ಟಿಕ್ ಕೀ ನಿಜವಾಗಿ ಬೀಗ ತೆರೆಯಿತು.

ಗುಂಪಿಗೆ ಬರೆಯುವುದಾದರೆ ಬರೀ ಮಾತು ಸಾಕು: "ಒಂದು ಗೊಂಚಲು ಸಿಕ್ಕಿದೆ. ಎಷ್ಟು ಕೀಗಳಿವೆ, ಜೊತೆಗೆ ಏನು ತೂಗಾಡುತ್ತಿದೆ ಎಂದು ಹೇಳಿ ಕಾವಲುಗಾರರ ಕೊಠಡಿಯಿಂದ ಪಡೆದುಕೊಳ್ಳಿ." ಚಿತ್ರ ಹಾಕಿದರೆ ಹೊಂಚುಹಾಕುವವರಿಗೆ ಉತ್ತರವನ್ನೂ ನೀವೇ ಕೊಟ್ಟಂತಾಗುತ್ತದೆ.

ಸಂಘದ ಕಾರ್ಯದರ್ಶಿ

ಗುಂಪಿಗೆ ಕಳಿಸಿದೆ. ಇನ್ನೊಂದು ಕೆಲಸವನ್ನೂ ಮಾಡಿಸುತ್ತೇವೆ. ಊರಿಗೆ ಹೋಗುವವರು ಕಾವಲುಗಾರರ ಬಳಿ ಬಿಟ್ಟುಹೋಗುವ ಕೀಗಳ ಮೇಲೆ ಮನೆ ಸಂಖ್ಯೆ ಬರೆದ ಚೀಟಿ ತೂಗುತ್ತಿತ್ತು. ಅದನ್ನು ತೆಗೆದು ಗುರುತಿನ ಅಂಕಿ ಹಾಕಿ, ಯಾವ ಅಂಕಿ ಯಾವ ಮನೆ ಎಂಬ ಪುಸ್ತಕವನ್ನು ಬೇರೆ ಕಡೆ ಬೀಗ ಹಾಕಿ ಇಡುತ್ತೇವೆ.

ವಕೀಲರ ಮೇಜು

ಕಾರ್ಯದರ್ಶಿಗಳು ಈಗ ಮಾಡಹೊರಟಿರುವುದನ್ನು ಭಾರತೀಯ ರಿಸರ್ವ್ ಬ್ಯಾಂಕ್ ಲಾಕರುಗಳಿಗೆ ಕಡ್ಡಾಯ ಮಾಡಿದೆ. 2021ರ ಆಗಸ್ಟ್‌ನಲ್ಲಿ ಹೊರಡಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ನಿಯಮಗಳ ಪ್ರಕಾರ ಲಾಕರಿನ ಕೀಗಳ ಮೇಲೆ ಬ್ಯಾಂಕು ಮತ್ತು ಶಾಖೆಯನ್ನು ಸೂಚಿಸುವ ಸಂಕೇತ ಸಂಖ್ಯೆ ಒತ್ತಿರಬೇಕು. ಗ್ರಾಹಕರ ಹೆಸರು ಬೇಡ. ಕೀ ಅಧಿಕಾರಿಗಳ ಕೈಗೆ ಬಂದರೆ ಯಾವ ಶಾಖೆಯದೆಂದು ಪತ್ತೆಯಾಗುತ್ತದೆ, ಬೀದಿಯವನಿಗೆ ಅದು ಒಗಟು. ಬ್ಯಾಂಕಿನವರ ಕೀ ಜೊತೆಗೂಡದೆ ಲಾಕರು ತೆರೆಯುವುದೂ ಇಲ್ಲ. ಆದರೂ ಕಳೆದ ದಿನವೇ ಶಾಖೆಗೆ ಲಿಖಿತವಾಗಿ ತಿಳಿಸಿ.

ಕಾನೂನಿನ ಎರಡು ಮಾತು. 1872ರ ಒಪ್ಪಂದ ಕಾಯಿದೆಯ 71ನೇ ಕಲಮಿನಂತೆ, ಬೇರೆಯವರ ವಸ್ತು ಸಿಕ್ಕಿ ಅದನ್ನು ತನ್ನ ವಶಕ್ಕೆ ತೆಗೆದುಕೊಂಡವನು ಅದನ್ನು ಜೋಪಾನ ಮಾಡುವ ಹೊಣೆ ಹೊರುತ್ತಾನೆ. 168ನೇ ಕಲಮು ಅವನ ಪರವಾಗಿಯೂ ಇದೆ. ನೀವು ಇಷ್ಟು ಬಹುಮಾನ ಕೊಡುತ್ತೇನೆಂದು ಘೋಷಿಸಿದ್ದರೆ ಅದನ್ನು ಪಡೆಯಲು ಅವನು ದಾವೆ ಹೂಡಬಹುದು, ಕೊಡುವವರೆಗೆ ವಸ್ತುವನ್ನು ಇಟ್ಟುಕೊಳ್ಳಲೂಬಹುದು. ಆದ್ದರಿಂದ ಬಿಲ್ಲೆಯ ಮೇಲೆ "ಬಹುಮಾನವಿದೆ" ಎಂದು ಕೆತ್ತಿಸುವವರು ಕೊಡುವ ಮನಸ್ಸಿನಿಂದಲೇ ಕೆತ್ತಿಸಬೇಕು. ಮಾಲೀಕರು ಯಾರೆಂದು ಗೊತ್ತಿದ್ದೂ, ಅಥವಾ ಹುಡುಕಲು ಸಾಧ್ಯವಿದ್ದೂ, ಅಪ್ರಾಮಾಣಿಕವಾಗಿ ತನ್ನದಾಗಿಸಿಕೊಂಡರೆ ಅದು ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮು ಅನ್ವಯಿಸುತ್ತದೆ, ಮೊದಲು ಭಾರತೀಯ ದಂಡ ಸಂಹಿತೆಯ 403 ಆಗಿತ್ತು.

ವಾಹನದ ಕೀ ಕಳೆದವರು ಕರ್ನಾಟಕ ಪೊಲೀಸರ ಇ-ಲಾಸ್ಟ್ ಸೌಲಭ್ಯದಲ್ಲಿ ದಾಖಲಿಸಿ ಸ್ವೀಕೃತಿ ಇಟ್ಟುಕೊಳ್ಳಿ. ಮುಂದೆ ಎಂದಾದರೂ ವಾಹನ ಕಳುವಾದರೆ ವಿಮಾ ಕಂಪನಿ ಎರಡೂ ಮೂಲ ಕೀಗಳನ್ನು ಕೇಳುತ್ತದೆ. ಒಂದೇ ಕೊಟ್ಟರೆ ಇನ್ನೊಂದು ಎಲ್ಲಿ ಎಂಬ ಪ್ರಶ್ನೆಗೆ ಆ ಕಾಗದ ಉತ್ತರ. ಇದು ಕಳೆದದ್ದಕ್ಕೆ ಮಾತ್ರ. ಕಳ್ಳತನವಾಗಿದ್ದರೆ ಠಾಣೆಗೆ ಹೋಗಿ ದೂರು ಕೊಡಲೇಬೇಕು.

ಮಲ್ಲೇಶ್ವರದ ಅಜ್ಜಿ

ಮಕ್ಕಳೇ, ಎಲ್ಲರೂ ಬಿಲ್ಲೆಯ ಬಗ್ಗೆ ಹೇಳಿದಿರಿ. ಕರೆ ಬಂದ ಮೇಲೆ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲವಲ್ಲ. ವಯಸ್ಸಾದವರು ಗಾಬರಿಯಲ್ಲಿ ವಿಳಾಸ ಹೇಳುವುದು ಆಗಲೇ. "ಅಯ್ಯೋ, ಪುಣ್ಯ ಬರುತ್ತದಪ್ಪ, ನಾನು ಮನೆ ಮುಂದೆಯೇ ಕೂತಿದ್ದೇನೆ, ಇಂಥ ರಸ್ತೆ, ನೀಲಿ ಗೇಟು" ಎಂದು ಎಲ್ಲವನ್ನೂ ಹೇಳಿಬಿಡುತ್ತಾರೆ. ಬಿಲ್ಲೆಯಲ್ಲಿ ಮುಚ್ಚಿಟ್ಟದ್ದು ಬಾಯಲ್ಲಿ ಹೊರಗೆ ಬಂತು.

ನಮ್ಮ ಮನೆಯಲ್ಲಿ ಮಾತಾಡಿಕೊಂಡಿರುವುದು ಹೀಗೆ. ಕರೆ ಮಾಡಿದವರಿಗೆ ಮೊದಲು ಮನಸಾರೆ ಧನ್ಯವಾದ ಹೇಳುವುದು. ನೀವು ಎಲ್ಲಿದ್ದೀರಿ ಎಂದು ಅವರನ್ನೇ ಕೇಳಿ, ಅವರಿಗೆ ಹತ್ತಿರವಾದ ಜನನಿಬಿಡ ಜಾಗಕ್ಕೆ ನಾವೇ ಹೋಗುವುದು. ದರ್ಶಿನಿ ಹೋಟೆಲು, ಔಷಧಿ ಅಂಗಡಿ, ಮೆಟ್ರೊ ನಿಲ್ದಾಣ, ದೇವಸ್ಥಾನದ ಕಚೇರಿ, ಪೊಲೀಸ್ ಠಾಣೆ ಯಾವುದಾದರೂ ಸರಿ. ಜೊತೆಗೆ ಇನ್ನೊಬ್ಬರಿರಬೇಕು. ಹೋಗಲು ಆಗದಿದ್ದರೆ "ನಿಮ್ಮ ಪರಿಚಯದ ಅಂಗಡಿಯಲ್ಲಿ ಕೊಟ್ಟಿರಿ, ನಾವು ಪಡೆದುಕೊಳ್ಳುತ್ತೇವೆ" ಎನ್ನುವುದು. ಆಟೊದವರಿಗೆ ಪೆಟ್ರೋಲಿನ ದುಡ್ಡನ್ನಾದರೂ ಕೊಡದೆ ಕಳಿಸಬಾರದು. ಅವರು ಒಂದು ಬಾಡಿಗೆ ಬಿಟ್ಟು ನಿಂತಿರುತ್ತಾರೆ.

ದುಡ್ಡು ಮೊದಲು ಕಳಿಸಿ, ಆಮೇಲೆ ಕೊರಿಯರ್ ಮಾಡುತ್ತೇವೆ ಎಂದರೆ ಕೀ ಹೋದರೆ ಹೋಗಲಿ. ಓ.ಟಿ.ಪಿ. ಕೇಳಿದರಂತೂ ಅಲ್ಲಿಗೇ ಫೋನು ಇಡಿ. ಕೀ ಮರಳಿಸಲು ಓ.ಟಿ.ಪಿ. ಯಾಕೆ ಬೇಕು?

ಸರಸ್ವತಿಪುರದ ಮಗಳು

ಅಜ್ಜಿ, ನಿಮ್ಮ ಮಾತನ್ನು ಹಾಗೆಯೇ ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ನನ್ನ ಮಾತಿಗೆ ಒಪ್ಪದವರು ನಿಮ್ಮ ಮಾತಿಗೆ ಒಪ್ಪಿದರು. ಬಿಲ್ಲೆಯ ಮೇಲೆ "ಸಿಕ್ಕರೆ ದಯವಿಟ್ಟು ಕರೆ ಮಾಡಿ" ಮತ್ತು ನನ್ನ ಸಂಖ್ಯೆ ಬರುತ್ತದೆ. ಲಾಕರಿನ ಕೀ ಬಳೆಯಿಂದ ಹೊರಬಂದಿದೆ. ಉಳಿದ ಒಂದು ಪ್ರಶ್ನೆ ಬೀಗದಂಗಡಿಯವರಿಗೆ: ಕಳೆದು ಮರಳಿ ಬಂದ ಕೀಯನ್ನು ನಂಬಬಹುದೇ? ಮಧ್ಯದಲ್ಲಿ ಯಾರಾದರೂ ನಕಲು ಮಾಡಿಸಿದ್ದರೆ?

ಬೀಗದಂಗಡಿ

ಬಹಳ ಒಳ್ಳೆಯ ಪ್ರಶ್ನೆ. ಸಿಕ್ಕವರಿಗೆ ಬಾಗಿಲು ಯಾವುದೆಂದು ಗೊತ್ತಾಗುವ ಸಾಧ್ಯತೆ ಇತ್ತೇ ಎಂದು ಯೋಚಿಸಿ. ಕೈಚೀಲವೇ ಹೋಗಿದ್ದು ಅದರಲ್ಲಿ ಆಧಾರ್, ವಾಹನದ ಕಾಗದ, ವಿದ್ಯುತ್ ಬಿಲ್ಲು ಏನಾದರೂ ಇದ್ದರೆ, ಅಥವಾ ಕೀ ಬಿದ್ದದ್ದು ನಿಮ್ಮದೇ ಬೀದಿಯಲ್ಲಾದರೆ, ಮರಳಿ ಬರಲಿ ಬಿಡಲಿ, ಅದೇ ದಿನ ಬೀಗ ಬದಲಿಸಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ. ದೂರದ ಪೇಟೆಯಲ್ಲಿ ಬರೀ ಗೊಂಚಲು ಬಿದ್ದು ಸಂಜೆಯೊಳಗೆ ಮರಳಿ ಸಿಕ್ಕಿದ್ದರೆ ನಾನಾದರೆ ಬದಲಿಸುವುದಿಲ್ಲ.

ಬದಲಿಸುವುದೆಂದರೆ ಇಡೀ ಬೀಗವನ್ನೇ ಕಿತ್ತು ಬಾಗಿಲು ಕೊರೆಯಬೇಕೆಂದು ಜನ ತಿಳಿದಿದ್ದಾರೆ. ಹಿಡಿಯ ಕೆಳಗೆ ಎರಡೂ ಕಡೆ ಕೀ ತೂತಿರುವ ಈಗಿನ ಬೀಗಗಳಲ್ಲಿ ಒಳಗಿನ ಸಿಲಿಂಡರ್ ಮಾತ್ರ ಬದಲಿಸಿದರೆ ಆಯಿತು. ಬಾಗಿಲು ತೆರೆದು ಅದರ ದಪ್ಪದ ಅಂಚು ನೋಡಿ, ಕೀ ತೂತಿನ ಮಟ್ಟಕ್ಕೆ ಒಂದು ಉದ್ದನೆಯ ತಿರುಪು ಇರುತ್ತದೆ. ಅದನ್ನು ಬಿಚ್ಚಿ, ಕೀ ಹಾಕಿ ತುಸು ತಿರುಗಿಸಿದರೆ ಮಧ್ಯದ ನಾಲಗೆ ಒಳಗೆ ಹೊಂದಿಕೊಂಡು ಸಿಲಿಂಡರ್ ಜಾರಿ ಹೊರಬರುತ್ತದೆ. ತಿರುಪಿನ ತೂತಿನಿಂದ ಎರಡೂ ತುದಿಗೆ ಎಷ್ಟೆಷ್ಟು ಉದ್ದ ಎಂದು ಅಳೆದು ಅದೇ ಅಳತೆಯದು ತನ್ನಿ. ಇದಕ್ಕೆ ಒಂದು ಕೀ ಕೈಯಲ್ಲಿರಬೇಕು. ಆದ್ದರಿಂದ ಇನ್ನೊಂದು ಜೊತೆ ಕೀ ನಂಬಿಕೆಯ ನೆರೆಮನೆಯಲ್ಲೋ ನೆಂಟರಲ್ಲೋ ಇರಲಿ. ಹೂಕುಂಡದ ಕೆಳಗೆ, ಮೀಟರ್ ಪೆಟ್ಟಿಗೆಯಲ್ಲಿ ಬೇಡ. ಕಳ್ಳರು ಮೊದಲು ಕೈ ಹಾಕುವುದೇ ಅಲ್ಲಿಗೆ.

ದಾವಣಗೆರೆ ಹೊಸಬ

ಈ ಚರ್ಚೆ ಓದುತ್ತಿದ್ದವನು ನಾನು. ಇವತ್ತು ಬಸ್ ನಿಲ್ದಾಣದ ಹೊರಗಿನ ಬೆಂಚಿನ ಕೆಳಗೆ ಒಂದು ಗೊಂಚಲು ಸಿಕ್ಕಿದೆ. ಹೆಸರಿಲ್ಲ, ಸಂಖ್ಯೆಯಿಲ್ಲ. ಎರಡು ಬಾಗಿಲಿನ ಕೀ, ಒಂದು ಲಾಕರಿನದಿರಬೇಕು, ಸಣ್ಣಗೆ ಏನೋ ಸಂಕೇತ ಒತ್ತಿದೆ. ಚಿತ್ರ ಹಾಕುವುದಿಲ್ಲ. ಯಾರಿಗೆ ಕೊಡಲಿ? ನನ್ನ ಹೆಸರು, ವಿಳಾಸ ಬರೆಸಿಕೊಂಡು ಆಮೇಲೆ ಅಲೆಸುತ್ತಾರೋ ಎಂಬ ಅಳುಕೂ ಇದೆ.

ನಿವೃತ್ತ ನಿರ್ವಾಹಕ, ಹಾಸನ

ಮೊದಲು ಅರ್ಧ ಗಂಟೆ ಅಲ್ಲಿಯೇ ಇರಲು ಸಾಧ್ಯವಾದರೆ ಇರಿ, ಕಳೆದುಕೊಂಡವರು ದಾರಿ ಸವೆಸಿಕೊಂಡು ಹಿಂದಕ್ಕೆ ಬರುತ್ತಾರೆ. ಪಕ್ಕದ ಚಹಾ ಅಂಗಡಿಯವರಿಗೆ "ಯಾರಾದರೂ ಕೀ ಹುಡುಕಿಕೊಂಡು ಬಂದರೆ ನಿಯಂತ್ರಕರ ಕೊಠಡಿಗೆ ಕಳಿಸಿ" ಎಂದು ಹೇಳಿ. ಯಾವ ಕೀ, ಎಷ್ಟು ಎಂದು ಹೇಳಬೇಡಿ. ಆಮೇಲೆ ಸಂಚಾರ ನಿಯಂತ್ರಕರಿಗೆ ಒಪ್ಪಿಸಿ, ಪುಸ್ತಕದಲ್ಲಿ ಬರೆದದ್ದನ್ನು ನೋಡಿ.

ವಕೀಲರ ಮೇಜು

ಒಪ್ಪಿಸಿದ್ದಕ್ಕೆ ಸಹಿ ಹಾಕಿದ ಚೀಟಿ ಕೇಳಿ ಪಡೆಯಿರಿ. "ಇಷ್ಟು ಕೀಗಳು, ಇಂಥ ದಿನ, ಇಷ್ಟು ಗಂಟೆಗೆ ಸ್ವೀಕರಿಸಿದೆ" ಎಂದಿದ್ದರೆ ನಿಮ್ಮ ಹೊಣೆ ಅಲ್ಲಿಗೆ ತೀರಿತು, ಅಳುಕು ಬೇಡ. ಲಾಕರಿನ ಕೀ ಇದೆ, ಸಂಕೇತ ಒತ್ತಿದೆ ಎಂಬುದನ್ನು ನಿಯಂತ್ರಕರಿಗೆ ಪ್ರತ್ಯೇಕವಾಗಿ ತೋರಿಸಿ. ಅವರು ಪೊಲೀಸರಿಗೆ ಕೊಟ್ಟರೆ ಪೊಲೀಸರು ಬ್ಯಾಂಕಿನವರಿಂದ ಶಾಖೆಯನ್ನು ಪತ್ತೆ ಮಾಡಿಸಬಹುದು, ಶಾಖೆಯವರು ಗ್ರಾಹಕರಿಗೆ ತಾವೇ ಫೋನ್ ಮಾಡುತ್ತಾರೆ.

ದಾವಣಗೆರೆ ಹೊಸಬ

ನಿಯಂತ್ರಕರಿಗೆ ಕೊಟ್ಟು ಚೀಟಿ ಪಡೆದೆ. ಸಂಕೇತವನ್ನೂ ತೋರಿಸಿದೆ. ಸಂಜೆಯವರೆಗೆ ಯಾರೂ ಬರದಿದ್ದರೆ ಠಾಣೆಗೆ ಕಳಿಸುವುದಾಗಿ ಹೇಳಿದ್ದಾರೆ. ಚಹಾ ಅಂಗಡಿಯವರಿಗೂ ತಿಳಿಸಿದ್ದೇನೆ.